ಎರಡನೇ ಎಣಿಕೆ

1998ರಲ್ಲಿ ನಾನು ನಂಜನಗೂಡಿನ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಆ ವರ್ಷ ತಿ. ನರಸೀಪುರದಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದ ನನ್ನ ತಂಗಿ ಸುಶೀಲಳಿಗೆ ಅಪ್ಲಾಸ್ಟಿಕ್ ಅನೀಮಿಯಾ ಎಂದು ಗೊತ್ತಾಯಿತು. ಮೂಳೆಯೊಳಗಿನ ಮಜ್ಜೆ ರಕ್ತಕಣಗಳನ್ನು ತಯಾರಿಸುವುದನ್ನು ಬಿಟ್ಟುಬಿಡುವ ಕಾಯಿಲೆ ಅದು. ನನ್ನ ಮಜ್ಜೆ ಅವಳಿಗೆ ಹೊಂದುತ್ತಿತ್ತು. ಆದರೆ ಅವಳಿಗೆ ನಲವತ್ತೆರಡು ದಾಟಿದ್ದರಿಂದ ಬೆಂಗಳೂರಿನ ಡಾಕ್ಟರು ಕಸಿ ಬೇಡವೆಂದು, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಎಟಿಜಿ ಮತ್ತು ಸೈಕ್ಲೋಸ್ಪೊರಿನ್ ಕೊಟ್ಟರು. ಎಂಟು ತಿಂಗಳಲ್ಲಿ ಚೇತರಿಸಿಕೊಂಡಳು.

"ಈ ಚಿಕಿತ್ಸೆ ಪಡೆದ ಕೆಲವರ ಮಜ್ಜೆಯಲ್ಲಿ ಕ್ರೋಮೋಸೋಮ್ ಬದಲಾಗುತ್ತದೆ. ಪ್ಲೇಟ್‌ಲೆಟ್ ಇಳಿದರೆ ತಕ್ಷಣ ಕರೆತನ್ನಿ, ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡಬೇಕು" ಎಂದು ಡಾಕ್ಟರು ಹೇಳಿದ್ದರು.

ತಿಂಗಳಿಗೊಮ್ಮೆ ರಕ್ತ ನಾನೇ ನೋಡುತ್ತಿದ್ದೆ. ಆಗ ನಮ್ಮಲ್ಲಿ ಯಂತ್ರವಿರಲಿಲ್ಲ. ಗೆರೆ ಕೊರೆದ ಗಾಜಿನ ಮೇಲೆ ರಕ್ತ ಬಿಟ್ಟು, ಮೈಕ್ರೋಸ್ಕೋಪಿನಲ್ಲಿ ಎಣಿಸಬೇಕು. ಅನುಮಾನ ಬಂದರೆ ಇನ್ನೊಮ್ಮೆ ಎಣಿಸುವುದು ರೂಢಿ. 2000ದ ಜೂನ್‌ನಲ್ಲಿ ಪ್ಲೇಟ್‌ಲೆಟ್ ಅರವತ್ತೆಂಟು ಸಾವಿರ ಬಂತು. ಹಿಂದಿನ ತಿಂಗಳು ಒಂದು ಲಕ್ಷವಿತ್ತು. ಮತ್ತೆ ಎಣಿಸಿದಾಗ ತೊಂಬತ್ತು ಸಾವಿರ.

ಸುಶೀಲ ಬೆಂಚಿನ ಮೇಲೆ ಕೂತಿದ್ದಳು. "ಮತ್ತೆ ಸೊಂಟದ ಮೂಳೆ ಕೊರುಸ್ಕೊಳಾಕೆ ಓಗ್ಬೇಕಾ ಅಣ್ಣ? ಬೋರ್‌ವೆಲ್ ಕೊರ್ದಂಗೆ ಕೊರೀತಾರೆ ಕಣಪ್ಪ. ನೀರೂ ಬರಾಕಿಲ್ಲ."

"ಬೇಡ ಬುಡವ್ವ, ಚೆನ್ನಾಗದೆ" ಎಂದೆ. ಬೆಂಗಳೂರಿನ ಡಾಕ್ಟರಿಗೆ ತೋರಿಸುವ ಅವಳ ಕಾರ್ಡಿನಲ್ಲಿ ತೊಂಬತ್ತು ಬರೆದೆ. ಮುಂದಿನ ನಾಲ್ಕು ತಿಂಗಳೂ ಎರಡೆರಡು ಸಲ ಎಣಿಸಿ ಹೆಚ್ಚು ಬಂದದ್ದನ್ನೇ ಬರೆದೆ. ಬೇರೆಯವರ ರಕ್ತವಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ.

ನವೆಂಬರ್‌ನಲ್ಲಿ ಜ್ವರ ಬಂತು, ವಸಡಿನಲ್ಲಿ ರಕ್ತ ಕಾಣಿಸಿತು. ಬೆಂಗಳೂರಿನಲ್ಲಿ ಮಜ್ಜೆ ತೆಗೆದು ನೋಡಿದರು. ಜೀವಕೋಶಗಳಲ್ಲಿ ಎರಡಿರಬೇಕಾದ ಏಳನೇ ಕ್ರೋಮೋಸೋಮ್ ಒಂದೇ ಇತ್ತು. ಕಾಯಿಲೆ ಆಗಲೇ ರಕ್ತದ ಕ್ಯಾನ್ಸರಿಗೆ ತಿರುಗಿತ್ತು.

"ಇಳಿಯಲು ಶುರುವಾದಾಗಲೇ ಬಂದಿದ್ದರೆ, ವಯಸ್ಸಿನ ಅಪಾಯವಿದ್ದರೂ ನಿಮ್ಮ ಮಜ್ಜೆ ಹಾಕಿ ನೋಡಬಹುದಿತ್ತು" ಎಂದ ಡಾಕ್ಟರು ಕಾರ್ಡನ್ನು ತಿರುವಿದರು. "ಆದರೆ ಇದರಲ್ಲಿ ಅಂಥ ಇಳಿತವೇ ಇಲ್ಲವಲ್ಲ?"

"ಇಲ್ಲ ಸರ್" ಎಂದೆ.

ವಾರ್ಡಿಗೆ ಬಂದಾಗ ಸುಶೀಲ ಪಕ್ಕದ ಮಂಚದ ಹೆಂಗಸಿಗೆ ಹೇಳುತ್ತಿದ್ದಳು: "ನಮ್ಮಣ್ಣ ಲ್ಯಾಬ್‌ನೋನು ಕಣಕ್ಕ. ಅವ್ನ್ ಕಣ್ ತಪ್ಸಿ ಏನೂ ಓಗಾಕಿಲ್ಲ." ನಾನು ಬಾಗಿಲಿನಿಂದಲೇ ಹಿಂದಿರುಗಿದೆ.

ಫೆಬ್ರವರಿಯಲ್ಲಿ ತೀರಿಕೊಂಡಳು.

ಆಮೇಲಿನ ಹದಿಮೂರು ವರ್ಷದ ಸರ್ವೀಸಿನಲ್ಲಿ ಎರಡು ಸಲ ಎಣಿಸಿದಾಗಲೆಲ್ಲ ಎರಡು ಸಂಖ್ಯೆಗಳನ್ನೂ ಬರೆದೆ. ಮನೆಯವರ ರಕ್ತವನ್ನು ಎಣಿಸಲು ಜೊತೆಯವರಿಗೆ ಕೊಟ್ಟೆ. ನಮಗೆ ಬೇಕಾದ ಸಂಖ್ಯೆ ಸಿಕ್ಕಾಗಲೇ ಅದನ್ನು ನಂಬದೆ, ಬರೆಯುವ ಕೈಯನ್ನು ತಡೆಯಬೇಕೆಂದು ಈ ಕೆಲಸ ಕಲಿಸಿತು. ಅದನ್ನು ಹೊಸಬರಿಗೂ ಹೇಳಿಕೊಟ್ಟೆ. ಯಾರ ವಿಷಯದಲ್ಲಿ ಕಲಿತೆ ಎಂದು ಮಾತ್ರ ಹೇಳಲಿಲ್ಲ. ಅವಳ ಗಂಡನಿಗೂ ಹೇಳಿಲ್ಲ. ಇದನ್ನು ಓದಿದರೆ ಅವರಿಗೆ ಗೊತ್ತಾಗುತ್ತದೆ.