ರೇವವ್ವ ತುಂಬಿಸಿದ ಕಾರ್ಡು

ಹೊರ್ತಿಯ ರೇವವ್ವ ನಿಂಬೆಹಣ್ಣನ್ನು ಅಂಗೈಯಲ್ಲಿ ಒಮ್ಮೆ ಉರುಳಿಸಿದರೆ ಸಾಕು, ರಸ ಎಷ್ಟಿದೆ, ಸಿಪ್ಪೆ ಎಷ್ಟು ದಪ್ಪ, ಇನ್ನೆಷ್ಟು ದಿನ ತಡೆದೀತು ಎಂದು ಹೇಳಿಬಿಡುವಳು. ಶಾಲೆಗೆ ಹೋಗಿದ್ದು ಮೂರೇ ವರ್ಷ. ಆದರೆ ಇಂಡಿ ಪಟ್ಟಣದ ಮಾರುಕಟ್ಟೆಯಲ್ಲಿ ಹರಾಜಿಗೆ ನಿಂತರೆ, ಸಾವಿರ ಹಣ್ಣಿನ ಚೀಲಕ್ಕೆ ಕೂಗಿದ ದರದಲ್ಲಿ ಹಮಾಲಿ, ದಲಾಲಿ, ಟೆಂಪೋ ಬಾಡಿಗೆ ಕಳೆದು ಕೈಗೆಷ್ಟು ಉಳಿದೀತು ಎಂಬುದನ್ನು ಬೇರೆ ವ್ಯಾಪಾರಿಗಳು ಮೊಬೈಲ್ ಹೊರತೆಗೆಯುವಷ್ಟರಲ್ಲಿ ಬಾಯಲ್ಲೇ ಲೆಕ್ಕ ಹಾಕಿ ಮುಗಿಸಿರುತ್ತಿದ್ದಳು. ಐವತ್ತಾರು ವರ್ಷದ ಈ ಹೆಂಗಸಿನ ಲೆಕ್ಕಕ್ಕೆ ಸಿಗದವನು ಒಬ್ಬನೇ. ಅವಳ ಗಂಡ ಸಂಗಣ್ಣ.

ಸಂಗಣ್ಣ ಕೆಟ್ಟವನೇನಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ. ಮೂರೆಕರೆ ನಿಂಬೆ ತೋಟದ ಒಂದೊಂದು ಗಿಡದ ಗುಣವೂ ಅವನಿಗೆ ಗೊತ್ತು. ಆದರೆ ಎದುರಿಗೆ ನಾಲ್ಕು ಜನ ಕೂತರೆ ಅವರ ಚಹಾದ ದುಡ್ಡನ್ನು ತಾನೇ ಕೊಡಬೇಕು. ಬಸ್ಸಿನಲ್ಲಿ ಆಗಷ್ಟೇ ಪರಿಚಯವಾದವನ ಟಿಕೆಟ್ಟನ್ನೂ ತಾನೇ ತೆಗೆಯಬೇಕು. ಅದಕ್ಕೇ ಬ್ಯಾಂಕಿನ ಖಾತೆ ಅವನ ಹೆಸರಿನಲ್ಲಿದ್ದರೂ ಎಟಿಎಂ ಕಾರ್ಡು ಮಾತ್ರ ರೇವವ್ವನ ಎಲೆಯಡಿಕೆ ಸಂಚಿಯಲ್ಲಿರುತ್ತಿತ್ತು. ಅವನ ಜೇಬಿಗೆ ದಿನಕ್ಕೆ ಎರಡು ನೂರು ರೂಪಾಯಿ. ಹೀಗೆ ಸಂಸಾರ ಸುಸೂತ್ರವಾಗಿ ನಡೆದಿತ್ತು.

ಕಳೆದ ವರ್ಷ ಇಂಡಿಯ ಬಸ್ ನಿಲ್ದಾಣದ ಹತ್ತಿರ, ದೊಡ್ಡ ಛತ್ರಿಯ ಕೆಳಗೆ ಟೈ ಕಟ್ಟಿಕೊಂಡು ಕೂತಿದ್ದವನೊಬ್ಬ, ಕ್ರೆಡಿಟ್ ಕಾರ್ಡಿನ ಅರ್ಜಿಗೆ ಸಹಿ ಹಾಕಿದವರಿಗೆ ಗಾಲಿಯ ಬ್ಯಾಗು ಪುಕ್ಕಟೆ ಎಂದು ಕೂಗುತ್ತಿದ್ದ. ಸಂಗಣ್ಣನಿಗೆ ಬ್ಯಾಗು ಬೇಕಿತ್ತು, ಸಹಿ ಹಾಕಿದ. ನಿಂಬೆಯ ದುಡ್ಡೆಲ್ಲ ಅವನ ಖಾತೆಗೇ ಬೀಳುತ್ತಿದ್ದುದರಿಂದ ಕಾರ್ಡಿನವರ ಕಣ್ಣಿಗೆ ಅವನೊಬ್ಬ ದೊಡ್ಡ ಕುಳವಾಗಿ ಕಂಡಿರಬೇಕು. ಇಪ್ಪತ್ತು ದಿನಕ್ಕೆ ನೀಲಿ ಬಣ್ಣದ ಕಾರ್ಡು ಅಂಚೆಯಲ್ಲಿ ಬಂತು.

"ಬ್ಯಾಂಕಿನವ್ರು ನನಗ ಅರವತ್ತ ಸಾವಿರ ಮಂಜೂರ ಮಾಡ್ಯಾರ," ಎಂದು ಸಂಗಣ್ಣ ತನ್ನ ಗೆಳೆಯ ಕಾಂತುವಿಗೆ ಹೇಳಿದ. ಹೆಂಡತಿಗೆ ಮಾತ್ರ ಹೇಳಲಿಲ್ಲ.

ಮೊದಲು ಬಂದದ್ದು ಕಾಲು ಒತ್ತುವ ಯಂತ್ರ. ವಿಜಯಪುರದಿಂದ ತಂದು ಪಡಸಾಲೆಯಲ್ಲಿಟ್ಟ. ವಾರದೊಳಗೆ ಊರಿನ ಹಿರಿಯರೆಲ್ಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಸರದಿಯಲ್ಲಿ ಕೂರತೊಡಗಿದರು. ಯಂತ್ರ ಗುರ್ರ್ ಎಂದು ಕಾಲು ಹಿಂಡುವಾಗ ಅವರು ಕಣ್ಣು ಮುಚ್ಚಿ, "ಆಹಾ, ಸಂಗಣ್ಣಾ, ಸಾವಿರ ವರ್ಷ ಬಾಳು," ಎನ್ನುವರು. ರೇವವ್ವ ಕೇಳಿದಾಗ, ಗಾಲಿಯ ಬ್ಯಾಗಿನ ಹಾಗೆ ಅದೂ ಪುಕ್ಕಟೆ ಬಂತು ಎಂದ. ಆಮೇಲೆ ಕಾಂತುವಿಗೂ ತನಗೂ ಒಂದೇ ತರದ ಜರ್ಕಿನ್ನು ಬಂದವು. ಇಂಡಿ ಸೀಮೆಯ ಮಾರ್ಚ್ ತಿಂಗಳಲ್ಲಿ ಜರ್ಕಿನ್ನು!

ಬಿಲ್ಲು ಬಂದ ದಿನ ಸೊಸೆ ರಾಜಶ್ರೀ ಅದನ್ನು ಓದಿ ಅತ್ತೆಯ ಮುಂದಿಟ್ಟಳು. ಒಟ್ಟು ನಲವತ್ತೆರಡು ಸಾವಿರ.

ಸಂಗಣ್ಣ ಒಂದಿಷ್ಟೂ ಅಳುಕಲಿಲ್ಲ. "ಕೆಳಗ ನೋಡ. ಈ ತಿಂಗಳ ಕಡಿಮಿ ಅಂದ್ರ ಎರಡ ಸಾವಿರದ ನೂರ ಕಟ್ಟಿದ್ರ ಸಾಕಂತ. ನಲವತ್ತೆರಡ ಸಾವಿರದ ಸಾಮಾನಕ್ಕ ಎರಡ ಸಾವಿರ! ಎಂಥಾ ದೊಡ್ಡ ಮನಸ್ಸಿನ ಮಂದಿ!"

"ಉಳಿದದ್ದು?" ಎಂದಳು ರೇವವ್ವ.

"ಅದನ್ನ ಅವ್ರ ನೋಡ್ಕೊಂತಾರ."

ಮರುದಿನ ರೇವವ್ವ ಇಂಡಿಯ ಬ್ಯಾಂಕಿಗೆ ಹೋದಳು. ಅಲ್ಲಿ ಕ್ಲಾರ್ಕ್ ವಿಜಯಲಕ್ಷ್ಮಿಯ ಪರಿಚಯ ಅವಳಿಗಿತ್ತು. ಬೇಸಿಗೆಯಲ್ಲಿ ಆಕೆಯ ಮನೆಗೆ ಒಳ್ಳೆಯ ಹಣ್ಣು ಆರಿಸಿ ಕಳಿಸುವವಳು ಇವಳೇ.

"ಬಾಯಾರ, ಈ ಕಾರ್ಡಿನ ಒಳಗಿನ ಸುದ್ದಿ ಏನ, ಸ್ವಲ್ಪ ಬಿಡಿಸಿ ಹೇಳ್ರಿ."

ವಿಜಯಲಕ್ಷ್ಮಿ ಬಿಲ್ಲನ್ನು ನೋಡಿದಳು. "ಇದ್ರಾಗ ಇರೂದು ನಿಮ್ಮ ರೊಕ್ಕ ಅಲ್ಲ ರೇವವ್ವಾರ, ಕಾರ್ಡಿನವ್ರದು. ಮದ್ಲ ಖರ್ಚ ಮಾಡೂದು, ಆಮ್ಯಾಲ ಕೊಡೂದು. ಹೇಳಿದ ತಾರೀಕಿನೊಳಗ ಪೂರಾ ಕಟ್ಟಿದ್ರ ಒಂದ ಪೈಸಾ ಬಡ್ಡಿ ಇಲ್ಲ. ಕಡಿಮಿ ಕಟ್ಟಿದ್ರ, ತಿಂಗಳಿಗೆ ನೂರಕ್ಕ ಮೂರೂವರಿ ಹತ್ತತೈತಿ. ಹಳೇದು ತೀರೂತನ ಹೊಸಾ ಖರೀದಿಗೂ ಮದ್ಲನೇ ದಿನದಿಂದನ ಬಡ್ಡಿ."

"ಅಂದ್ರ ಉದ್ರಿ."

"ಉದ್ರಿನ ಅನ್ರಿ."

"ಮೂರೂವರಿ ಅಂದ್ರ ವರ್ಷಕ್ಕ ನೂರಕ್ಕ ನಲವತ್ತೆರಡಾತು," ಎಂದು ರೇವವ್ವ ಎದ್ದು ನಿಂತಳು. ಗಾಜಿನ ಆಚೆಗಿದ್ದವರೂ ತಿರುಗಿ ನೋಡಿದರು. "ನಮ್ಮೂರ ಸಾವಕಾರನೂ ಇಷ್ಟ ಹೇಳಾಕ ನಾಚತಿದ್ದ."

ಅಂದೇ ನಲವತ್ತೆರಡು ಸಾವಿರವನ್ನೂ ಕಟ್ಟಿ ಮುಗಿಸಿದಳು. ಆದರೆ ಅಲ್ಲಿಂದ ಹೊರಡಲಿಲ್ಲ. ಗಂಡನ ಕೈಯಿಂದ ಕಾರ್ಡನ್ನು ಕಿತ್ತುಕೊಂಡರೆ ಅವನು ಎಂಟು ದಿನ ಊಟ ಬಿಟ್ಟು ಮುಖ ಊದಿಸುವನು. ಕಿತ್ತುಕೊಳ್ಳದಿದ್ದರೆ ಇನ್ನೊಂದು ಯಂತ್ರ ಬರುವುದು. "ಬಾಯಾರ, ನಾವು ಮದ್ಲ ತುಂಬಿ, ತುಂಬಿದಷ್ಟ ಖರ್ಚ ಆಗೂವಂಥಾ ಕಾರ್ಡ ಇಲ್ಲೇನ್ರಿ?"

"ಐತ್ರಿ, ಪ್ರೀಪೇಡ್ ಕಾರ್ಡ್. ಎರಡ ಸಾವಿರ ತುಂಬಿದ್ರ ಎರಡ ಸಾವಿರ. ಅದು ಮುಗೀತಂದ್ರ ಮಷೀನ ಒಲ್ಲೆ ಅಂತೈತಿ. ಬಡ್ಡಿ ಇಲ್ಲ, ಬಿಲ್ ಇಲ್ಲ. ಫೋನಿನಿಂದನ ತುಂಬಬಹುದು."

"ನೀಲಿ ಬಣ್ಣದ್ದ ಐತೇನ್ರಿ?"

ವಿಜಯಲಕ್ಷ್ಮಿ ಅವಳ ಮುಖವನ್ನೇ ನೋಡಿದಳು. ಆಮೇಲೆ ತುಟಿ ಕಚ್ಚಿಕೊಂಡು, ಖಾನೆಯಿಂದ ಒಂದು ಕಾರ್ಡು ತೆಗೆದಳು. ನೀಲಿಯೇ. ಕಾರ್ಡು ರೇವವ್ವನ ಲೆಕ್ಕಕ್ಕೆ, ಮೊಬೈಲ್ ನಂಬರೂ ರೇವವ್ವನದೇ.

ಸಂಜೆ ಸಂಗಣ್ಣನ ಕೈಗೆ ಹೊಸ ಕಾರ್ಡು ಬಂತು, ಹಳೆಯದು ರೇವವ್ವನ ಸಂಚಿ ಸೇರಿತು. "ಹಳೇದರ ಬದಲಿ ಕೊಟ್ಟಾರ. ಇನ್ನಮ್ಯಾಲ ವಾರಕ್ಕ ಎರಡ ಸಾವಿರ ಅಷ್ಟ ಅಂತ ಮಿತಿ ಹಾಕ್ಯಾರ," ಎಂದಳು ರೇವವ್ವ.

ಅವನು ತಿರುವಿ ಮುರುವಿ ನೋಡಿದ. "ಹಳೇದರ ಮ್ಯಾಲ ನನ್ನ ಹೆಸರ ಇತ್ತು. ಇದ್ರಾಗ ಇಲ್ಲಲ್ಲ?"

"ಕಳ್ಳರು ಓದಬಾರ್ದು ಅಂತ ತಗದಾರ."

"ಶಾಣ್ಯಾ ಮಂದಿ," ಎಂದು ಸಂಗಣ್ಣ ಮೆಚ್ಚಿ ಜೇಬಿಗಿಳಿಸಿದ. ಅಡುಗೆಮನೆಯಲ್ಲಿ ರಾಜಶ್ರೀ ಸೆರಗನ್ನು ಬಾಯಿಗೊತ್ತಿಕೊಂಡಿದ್ದಳು.

ಪ್ರತಿ ಸೋಮವಾರ ಮುಂಜಾನೆ ರಾಜಶ್ರೀ ಅತ್ತೆಯ ಫೋನಿನಿಂದ ಎರಡು ಸಾವಿರ ತುಂಬುವಳು. ಅವನು ಅದರ ಮೇಲೆ ರಾಜನಂತೆ ತಿರುಗಾಡುವನು. ರೇವವ್ವನಿಗೆ ಮೊದಲು ಹೊಳೆಯದಿದ್ದ ಒಂದು ಲಾಭ ಒಂದೆರಡು ದಿನದಲ್ಲೇ ಗೊತ್ತಾಯಿತು. ಅವನು ಎಲ್ಲಿ ಕಾರ್ಡು ಉಜ್ಜಿದರೂ ಇವಳ ಫೋನು ಟಿಂಗ್ ಎನ್ನುವುದು. ಯಾವ ಅಂಗಡಿ, ಎಷ್ಟು ರೂಪಾಯಿ, ಎಲ್ಲ ಅದರಲ್ಲಿ. ರಾಜಶ್ರೀ ಓದಿ ಹೇಳುವಳು.

ಸಂಗಣ್ಣನಿಗೆ ಸಕ್ಕರೆ ಕಾಯಿಲೆ. ಸಿಹಿ ಮುಟ್ಟಬಾರದೆಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಒಂದು ಸಂಜೆ ಸಿಂದಗಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ರೇವವ್ವ ರೊಟ್ಟಿ ಬಡಿಯುತ್ತ, "ಪೇಡೆ ಹೆಂಗಿದ್ವು?" ಎಂದಳು.

ತಂಬಿಗೆ ಅವನ ಕೈಯಿಂದ ಜಾರಿತು. "ಯಾವ ಪೇಡೆ?"

"ನೂರಾ ಎಂಬತ್ತ ರೂಪಾಯಿದ್ದು."

ಮುಂದಿನ ವಾರ ಬಸವನ ಬಾಗೇವಾಡಿಯ ಹೋಟೆಲಿನ ಜಾಮೂನು. ಅದರ ಮುಂದಿನ ವಾರ ಮುದ್ದೇಬಿಹಾಳದಲ್ಲಿ ಐಸ್‌ಕ್ರೀಮು, ಮೂರು ತಟ್ಟೆ. ರೇವವ್ವ ಒಂದನ್ನೂ ಬಿಡದೆ ಕೇಳಿದಳು. ಬೈಯಲಿಲ್ಲ, ಊಟಕ್ಕೆ ಬಡಿಸುವಾಗ ಸುಮ್ಮನೆ ವಿಚಾರಿಸುವಳು, ಅಷ್ಟೇ. ಸಂಗಣ್ಣ ನಿದ್ದೆಯಲ್ಲೂ ಬೆಚ್ಚತೊಡಗಿದ. ರೇವವ್ವನಿಗೆ ಮದುವೆಯಾದ ಹೊಸತರಲ್ಲೂ ಇಷ್ಟು ನಗು ಬಂದಿರಲಿಲ್ಲ.

ಅಷ್ಟರಲ್ಲಿ ಸಂಗಣ್ಣ ಎಂಟು ಗೆಳೆಯರನ್ನು ಕರೆದುಕೊಂಡು ಆಲಮಟ್ಟಿ ಆಣೆಕಟ್ಟು ನೋಡಲು ಹೋದ. ವಾಪಸು ಬರುವಾಗ ನಿಡಗುಂದಿಯ ಖಾನಾವಳಿಯಲ್ಲಿ ಎಲ್ಲರಿಗೂ ಊಟ. ಬಿಲ್ಲು ಎರಡು ಸಾವಿರದ ಆರುನೂರ ನಲವತ್ತು. ಮಷೀನು ಒಲ್ಲೆ ಎಂದಿತು. ಒರೆಸಿ ಉಜ್ಜಿದರೂ ಒಲ್ಲೆ ಎಂದಿತು. ಎಂಟು ಗೆಳೆಯರು ಒಟ್ಟಿಗೆ ಸೋಂಪು ಅಗಿಯುವುದನ್ನು ನಿಲ್ಲಿಸಿದರು.

ಸಂಗಣ್ಣ ಮೂಲೆಗೆ ಸರಿದು ಫೋನ್ ಮಾಡಿದ. "ಏ, ಬ್ಯಾಂಕ್ ಮುಳುಗೇತಿ ಕಾಣಸ್ತೈತಿ!"

"ಎಷ್ಟ ಕಡಿಮಿ ಬಿದ್ದಾವು?" ಎಂದಳು ರೇವವ್ವ.

"ಆರನೂರಾ ನಲವತ್ತ."

"ಫೋನ ಇಡ್ರಿ. ಬ್ಯಾಂಕಿನವ್ರಿಗೆ ಮಾತಾಡ್ತೇನಿ."

ಒಂದು ನಿಮಿಷವೂ ಆಗಿರಲಿಲ್ಲ, ಮಷೀನು ಚೀಟಿ ಉಗುಳಿತು. ಗೆಳೆಯರ ಬಾಯಿ ತೆರೆದೇ ಉಳಿಯಿತು. ರೇವವ್ವ ಒಂದು ಫೋನ್ ಮಾಡಿದರೆ ಬ್ಯಾಂಕಿನವರು ಎದ್ದು ನಿಲ್ಲುತ್ತಾರೆ ಎಂಬ ಸುದ್ದಿ ಅವತ್ತು ಸಂಜೆಯೊಳಗೆ ಹೊರ್ತಿ ಮುಟ್ಟಿತು. ಮರುದಿನ ಇಬ್ಬರು ಅವಳ ಬಳಿ ಟ್ರ್ಯಾಕ್ಟರ್ ಸಾಲಕ್ಕೆ ಶಿಫಾರಸು ಕೇಳಿಕೊಂಡು ಬಂದರು.

ಎಲ್ಲ ಸೊಗಸಾಗಿಯೇ ನಡೆದಿತ್ತು, ಕಾಂತುವಿನ ವಿಷಯವೊಂದು ಬಿಟ್ಟು. ಪೇಡೆಯ ದಿನ ಜೊತೆಗಿದ್ದವನು ಕಾಂತು. ಜಾಮೂನಿನ ದಿನವೂ ಅವನೇ. ಹೆಂಡತಿಗೆ ಚಾಡಿ ಹೇಳುತ್ತಿರುವವನು ಇವನೇ ಎಂದು ಸಂಗಣ್ಣ ತೀರ್ಮಾನಿಸಿ, ಚಾವಡಿಯಲ್ಲಿ ನಾಲ್ಕು ಜನರ ಮುಂದೆ ಅವನನ್ನು "ಹೆಂಗಸರ ಚಾಕರಿ ಮಾಡಾಂವ" ಎಂದುಬಿಟ್ಟ. ನಲವತ್ತು ವರ್ಷದ ಗೆಳೆತನ ನಿಂತುಹೋಯಿತು. ಕಾಂತು ಅವರ ಮನೆಯ ಓಣಿಯನ್ನು ಬಿಟ್ಟು ಸುತ್ತು ಹಾಕಿ ಹೊಲಕ್ಕೆ ಹೋಗತೊಡಗಿದ. ಸಂಗಣ್ಣ ಸಂಜೆ ಒಬ್ಬನೇ ಕಟ್ಟೆಯ ಮೇಲೆ ಕೂರುತ್ತಿದ್ದ. ಚಹಾ ಕೊಡಿಸಲು ಎದುರಿಗೆ ಹತ್ತು ಜನರಿದ್ದರೂ ಅವನ ಕೈ ಜೇಬಿಗೆ ಹೋಗುತ್ತಿರಲಿಲ್ಲ.

ಹದಿನೈದು ದಿನ ಫೋನು ಟಿಂಗ್ ಎನ್ನಲಿಲ್ಲ. ತಾನು ಎಳೆದ ದಾರ ಎಲ್ಲಿಗೆ ಹೋಗಿ ಬಿಗಿದಿದೆ ಎಂದು ರೇವವ್ವನಿಗೆ ಅರ್ಥವಾಯಿತು. ಒಂದು ಮುಂಜಾನೆ ಕಾಂತುವಿನ ಮನೆಗೆ ನಡೆದು, ಅವನನ್ನು ಕರೆದುಕೊಂಡು ಬಂದು ಗಂಡನ ಮುಂದೆ ಕೂರಿಸಿ, ನೀಲಿ ಕಾರ್ಡಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. "ಕಾಂತು ಏನೂ ಹೇಳಿಲ್ಲ. ಹೇಳಿದ್ದು ಕಾರ್ಡ. ತಪ್ಪ ನಂದು."

ಕಾಂತು ಮೊದಲು ನಕ್ಕ. "ವೈನೀ, ನೀವು ಪೊಲೀಸ್ ಖಾತೇದಾಗ ಇರಬೇಕಿತ್ತು ನೋಡ್ರಿ!"

ಸಂಗಣ್ಣ ನಗಲಿಲ್ಲ. ಕಾಂತುವಿನ ಕೈ ಹಿಡಿದು, "ತಪ್ಪಾತಪಾ," ಎಂದ. ಕಾರ್ಡನ್ನು ಹೆಂಡತಿಗೆ ಹಿಂದಕ್ಕೆ ಕೊಡದೆ ಜೇಬಿಗೇ ಇಳಿಸಿದ. ಅದನ್ನು ಕಂಡು ರೇವವ್ವನಿಗೆ ಸ್ವಲ್ಪ ಅಂಜಿಕೆಯಾಯಿತು.

ಬುಧವಾರ ಇಂಡಿಯಲ್ಲಿ ಹರಾಜು ಜೋರಾಗಿತ್ತು. ಅದೇ ಹೊತ್ತಿಗೆ ಸಂಗಣ್ಣ ಕಾಂತುವಿನ ಬೈಕಿನ ಹಿಂದೆ ಕೂತು ಸಿಂದಗಿಯ ಪೇಟೆಗೆ ಇಳಿದಿದ್ದ. ಮೊದಲ ಅಂಗಡಿಯಲ್ಲಿ ಹತ್ತು ರೂಪಾಯಿಯ ಬಾಚಣಿಕೆ ಕೊಂಡು ಕಾರ್ಡು ಚಾಚಿದ.

"ಹತ್ತ ರೂಪಾಯಿಗೂ ಕಾರ್ಡೇನ್ರಿ?" ಎಂದ ಅಂಗಡಿಯವನು.

"ನಾ ಏನ ಉದ್ರಿ ಕೇಳಾಕತ್ತೇನೇನ? ಮದ್ಲ ತುಂಬಿದ ರೊಕ್ಕ ಐತಿ. ಉಜ್ಜ!"

ಇಂಡಿಯಲ್ಲಿ ರೇವವ್ವ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಫೋನು ಟಿಂಗ್ ಎಂದಿತು. ಪಕ್ಕದ ಅಂಗಡಿಯಲ್ಲಿ ಸೂಜಿ ಪೊಟ್ಟಣ. ಟಿಂಗ್. ಮೇಣದಬತ್ತಿ. ಟಿಂಗ್. ಬೂಟು ಹಾಕಿ ಗೊತ್ತಿಲ್ಲದವನು ಬೂಟಿನ ದಾರ ಕೊಂಡ. ಟಿಂಗ್. ಒಂಬತ್ತನೆಯ ಸಲಕ್ಕೆ ರೇವವ್ವ ಹರಾಜು ಮರೆತು ಫೋನು ಹೊರತೆಗೆದಳು. ಕಾರ್ಡು ಕಳ್ಳರ ಪಾಲಾಯಿತು ಎಂದುಕೊಂಡು, ಟೆಂಪೋ ತಂದು ಹಿಂದಿನ ಸಾಲಿನಲ್ಲಿ ನಿಂತಿದ್ದ ಮಗನನ್ನು ಕರೆಯಲು ಕೈ ಎತ್ತಿದಳು.

"ಏಳೂ ಚೀಲ ರೇವವ್ವಾರಿಗೆ!" ಎಂದು ಹರಾಜು ಕೂಗುವವನು ಮುಗಿಸಿಬಿಟ್ಟ.

ಬಟಾಣಿಯಂಥ ಗೊಡ್ಡು ಕಾಯಿ. ಮುಂಜಾನೆಯಿಂದ ಯಾರೂ ಮೂಸಿ ನೋಡಿರಲಿಲ್ಲ. ಎತ್ತಿದ ಕೈಯನ್ನು ಇಲ್ಲ ಎನ್ನುವುದು ಆ ಮಾರುಕಟ್ಟೆಯ ರೂಢಿಯಲ್ಲ.

ಸಂಜೆ ಅಂಗಳದಲ್ಲಿ ಏಳು ಚೀಲ ಇಳಿದವು. ಸಂಗಣ್ಣ ಪಡಸಾಲೆಯಲ್ಲಿ ಹತ್ತೊಂಬತ್ತು ಸಾಮಾನು ಹರಡಿಕೊಂಡು ಕೂತಿದ್ದ. "ಬಾಚಣಿಕಿ ಹೆಂಗೈತಿ?" ಎಂದು ಕೇಳಿದ. "ಹತ್ತ ರೂಪಾಯಿದ್ದು."

ರೇವವ್ವ ಸಾಮಾನು ನೋಡಿದಳು, ಗಂಡನ ಮುಖ ನೋಡಿದಳು. ಸಿಟ್ಟು ಮಾಡಬೇಕೆಂದು ಬಾಯಿ ತೆರೆದವಳಿಗೆ ನಗು ಉಕ್ಕಿ, ಕಟ್ಟೆಗೆ ಆತು ಕುಳಿತುಬಿಟ್ಟಳು. ಅವಳು ನಕ್ಕಿದ್ದನ್ನು ಕಂಡ ಮೇಲೆ ಅವನೂ ನಕ್ಕ.

ಅಂದೇ ಕರಾರಾಯಿತು. ಸಂಗಣ್ಣನಿಗೆ ಅವನದೇ ಹೆಸರಿನ ಪ್ರೀಪೇಡ್ ಕಾರ್ಡು, ಮೆಸೇಜು ಅವನ ಫೋನಿಗೆ. ತುಂಬುವವಳು ರೇವವ್ವ, ಕೇಳದಿರುವವಳೂ ರೇವವ್ವ. ಸಿಹಿ ತಿಂದರೆ ತಾನೇ ಬಾಯಿಬಿಟ್ಟು ಹೇಳಬೇಕು. ಹಳೆಯ ಕ್ರೆಡಿಟ್ ಕಾರ್ಡನ್ನು ಅವಳು ಮುರಿಸಲಿಲ್ಲ. ಮಗನ ಟೆಂಪೋದ ಡೀಸೆಲ್ಲನ್ನು ತಿಂಗಳಿಡೀ ಅದರಲ್ಲೇ ಹಾಕಿಸುವಳು, ಹಣ್ಣು ಮಾರಿ ಬಂದ ದುಡ್ಡಿನಲ್ಲಿ ತಾರೀಕಿಗೆ ಎರಡು ದಿನ ಮೊದಲೇ ಪೂರಾ ಕಟ್ಟುವಳು. ನಲವತ್ತು ದಿನ ಬೇರೆಯವರ ದುಡ್ಡು, ಬಡ್ಡಿ ಸೊನ್ನೆ. ಅದನ್ನು ಕಂಡು ಕಾರ್ಡಿನವರು ಫೋನ್ ಮಾಡಿ, ಮಿತಿಯನ್ನು ಒಂದೂವರೆ ಲಕ್ಷಕ್ಕೆ ಏರಿಸುತ್ತೇವೆ ಎಂದರು.

"ಬ್ಯಾಡ್ರಿ," ಎಂದಳು ರೇವವ್ವ. "ನಮ್ಮ ಮನ್ಯಾಗ ಜರ್ಕಿನ್ನು ಬೇಕಾದಷ್ಟ ಅದಾವು."

ಏಳು ಚೀಲ ಕಾಯಿಯನ್ನು ಉಪ್ಪಿನಕಾಯಿ ಹಾಕುವುದೆಂದಾಯಿತು. ಹೋಳು ಮಾಡುವ ಕೆಲಸ ಸಂಗಣ್ಣನ ಪಾಲಿಗೆ, ಬೈಕು ಓಡಿಸಿದ ತಪ್ಪಿಗೆ ಕಾಂತುವೂ ಜೊತೆಗೆ. ನಾಲ್ಕು ದಿನ ಇಬ್ಬರೂ ಅಂಗಳದಲ್ಲಿ ಎದುರುಬದುರು ಕೂತು, ಬೆರಳ ಗಾಯಕ್ಕೆ ಹುಳಿ ತಾಗಿದಾಗಲೆಲ್ಲ ಹಾಯ್ ಎನ್ನುತ್ತ, ಊರಿನ ಸುದ್ದಿಯನ್ನೆಲ್ಲ ಮಾತಾಡಿ ಮುಗಿಸಿದರು.