ಮೊಣಕೈಗೆ ಗೊತ್ತಾದ ಮೀನು

ಪಾರ್ಶ್ವವಾಯು ಬಡಿದು ಎದ್ದ ಮೇಲೆ ಲೆಂಪಿ ಹೌಟಲಾಳ ಬಲಗೈ ಅವಳು ಹೇಳಿದ್ದನ್ನೆಲ್ಲ ಮಾಡುತ್ತಿತ್ತು, ಆದರೆ ಅವಳಿಗೆ ಏನನ್ನೂ ಹೇಳುತ್ತಿರಲಿಲ್ಲ. ಹಿಡಿ ಎಂದರೆ ಹಿಡಿಯುತ್ತಿತ್ತು, ಬಿಡು ಎಂದರೆ ಬಿಡುತ್ತಿತ್ತು. ಮಣಿಕಟ್ಟಿನಿಂದ ಕೆಳಗೆ ಸ್ಪರ್ಶವೇ ಸತ್ತುಹೋಗಿತ್ತು. ಕುದಿಯುವ ಕಾಫಿ ಪಾತ್ರೆ ಹಿಡಿದು ಅಂಗೈಯಲ್ಲಿ ಬೊಬ್ಬೆ ಎದ್ದದ್ದು ಕಣ್ಣಿಗೆ ಕಂಡಾಗಲೇ ಕೈ ಸುಟ್ಟದ್ದು ತಿಳಿದದ್ದು.

ಹರೆಯದಿಂದಲೂ ದೋಣಿಗಳಿಗೆ ಕ್ಯಾನ್ವಾಸ್ ಹೊದಿಕೆ ಹೊಲಿದು ಬದುಕಿದವಳು ಆಕೆ. ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೇಳಿದರೆ "ಪುರುಸೊತ್ತಾಗ್ಲಿಲ್ಲ" ಎನ್ನುತ್ತಿದ್ದಳು. ಹೊಲಿಗೆ ಇಲ್ಲದ ದಿನವೆಲ್ಲ ಸುಪೀರಿಯರ್ ಸರೋವರದ ಮೇಲೆ, ಕೀವಿನಾ ಕೊಲ್ಲಿಯಲ್ಲಿ. ಅಲ್ಲಿನ ಟ್ರೌಟ್ ಮೀನುಗಳಿಗೆ ಬೇಸಿಗೆ ಆಗುವುದಿಲ್ಲ. ಆಳದ ತಣ್ಣೀರಿನ ಬಂಡೆಗಳ ನಡುವೆ ಇಳಿದುಬಿಡುತ್ತವೆ. ಲೆಂಪಿ ನೈಲಾನ್ ದಾರದ ಮೇಲೆ ತೋರುಬೆರಳಿಟ್ಟು ಕೂತರೆ, ಇಪ್ಪತ್ತೈದು ಮಾರು ಕೆಳಗೆ ಮೀನು ಗಾಳಕ್ಕೆ ಕಟ್ಟಿದ ಸೀಸದ ಹುಸಿಮೀನನ್ನು ಮೂಸಿದರೂ ಅವಳಿಗೆ ತಿಳಿಯುತ್ತಿತ್ತು.

ಈಗ ಆ ಬೆರಳೇ ಇಲ್ಲದಂತಾಗಿತ್ತು.

ಜೂನ್‌ನಲ್ಲಿ ತಮ್ಮ ರೈನೊ ಅವಳನ್ನು ತನ್ನ ದೋಣಿಯಲ್ಲಿ ಕರೆದುಕೊಂಡು ಹೋದ. ಗಾಳದ ಕೋಲು ಬಾಗಿತು. ಲೆಂಪಿ ದಿಗಂತ ನೋಡುತ್ತ ಕೂತೇ ಇದ್ದಳು.

"ಎಳಿ! ಎಳಿಯೇ ಮಾರಾಯ್ತಿ, ಕಚ್ಚಿದೆ!" ರೈನೊ ಅವಳ ಕೈಯಿಂದ ಕೋಲು ಕಿತ್ತುಕೊಂಡು ತಾನೇ ಮೀನು ಎಳೆದು ಹಾಕಿದ. ಮಧ್ಯಾಹ್ನದೊಳಗೆ ಮತ್ತೆರಡು ಸಲ ಹಾಗೇ ಆಯಿತು.

"ಇನ್ಮೇಲೆ ನೀನು ಬ್ರೆಡ್ಡು ಕಾಫಿ ನೋಡ್ಕೊ, ಗಾಳ ನಾನು ನೋಡ್ಕೋತೀನಿ," ಎಂದ. ಪ್ರೀತಿಯಿಂದಲೇ ಹೇಳಿದ್ದ, ಅದಕ್ಕೇ ಹೆಚ್ಚು ಉರಿಯಿತು.

ಮನೆಗೆ ಬಂದವಳು ಪಕ್ಕದ ಮನೆಯ ಎಲ್ಮಾಳನ್ನು ಕೂಗಿ ಕರೆದಳು. ಅಡುಗೆಮನೆಯಿಂದ ಹಿತ್ತಲಿನ ಸೌನಾ ಎಂಬ ಹಬೆಸ್ನಾನದ ಮನೆಯ ಬಾಗಿಲವರೆಗೆ ನೈಲಾನ್ ದಾರ ಎಳೆದು, ಒಂದು ತುದಿಯನ್ನು ಎಲ್ಮಾಳ ಕೈಗಿತ್ತು, ತಾನು ಕೋಲು ಹಿಡಿದು ಕಣ್ಣು ಮುಚ್ಚಿ ಕೂತಳು.

"ಯಾವಾಗ್ ಬೇಕೋ ಆವಾಗ ಜಗ್ಗು. ಮೆತ್ತಗೆ."

"ಜಗ್ಗಿದೆ."

"ಯಾವಾಗ?"

"ಆಗ್ಲೇ! ನಿದ್ದೆ ಮಾಡ್ತಿದ್ಯಾ?"

ನೈಲಾನ್ ರಬ್ಬರಿನ ಹಾಗೆ ಹಿಗ್ಗಿ, ಜಗ್ಗಿದ್ದನ್ನು ದಾರಿಯಲ್ಲೇ ನುಂಗಿಬಿಡುತ್ತಿತ್ತು. ಲೆಂಪಿ ಅದನ್ನು ಬಿಚ್ಚಿ, ಎಳೆ ಎಳೆ ಹೆಣೆದ ಹೊಸ ತರಹದ ದಾರ ಕಟ್ಟಿದಳು. ಹೊಲಿಗೆ ನೂಲಿಗಿಂತ ತೆಳ್ಳಗೆ, ಆದರೆ ಹಿಗ್ಗುವುದೆಂಬುದೇ ಇಲ್ಲ. ಕೋಲಿನ ಹಿಡಿಯನ್ನು ಮಣಿಕಟ್ಟಿನ ಮೇಲೆ, ಸ್ಪರ್ಶ ಉಳಿದಿದ್ದ ಮುಂಗೈಗೆ ಒತ್ತಿಕೊಂಡು ಮತ್ತೆ ಕಣ್ಣು ಮುಚ್ಚಿದಳು.

ಮೊಣಕೈ ಹತ್ತಿರ ಯಾರೋ ಉಗುರಿನಿಂದ ತಟ್ಟಿದಂತಾಯಿತು.

"ಈಗ!" ಎಂದು ಕಿರುಚಿದಳು. "ಈಗ ಜಗ್ಗಿದೆ ತಾನೆ?"

"ಅಯ್ಯೋ, ಇನ್ನೂ ಸರಿಯಾಗಿ ಜಗ್ಗೇ ಇಲ್ಲ ಕಣೇ, ಮೂಗು ಒರೆಸ್ಕೊಂಡೆ!"

ಇಬ್ಬರೂ ದಾರದ ಎರಡು ತುದಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ರೈನೊ ಒಪ್ಪಲಿಲ್ಲ. "ನಮ್ಮ ನೀರು ಗಾಜಿನ ಹಾಗಿದೆ. ಈ ದಾರ ಮೀನಿಗೆ ಹಗ್ಗದ ಹಾಗೆ ಕಾಣುತ್ತೆ." ಅದು ನಿಜವೇ. ಅದಕ್ಕೆ ಲೆಂಪಿ ಗಾಳದ ಕಡೆಗೆ ಎರಡು ಮಾರು ಬೇರೆ ದಾರ ಸೇರಿಸಿದಳು: ನೀರಲ್ಲಿ ಕಣ್ಣಿಗೆ ಬೀಳದ ಗಡಸು ಪಾರದರ್ಶಕ ತುದಿದಾರ. ಮೀನು ಬೆದರಬಾರದೆಂದು ಮೊದಲು ತೀರಾ ತೆಳ್ಳನೆಯದನ್ನು ಆರಿಸಿದಳು. ಜುಲೈನಲ್ಲಿ ದೊಡ್ಡದೊಂದು ಕಚ್ಚಿತು. ಮೊಣಕೈ ಹೇಳಿತು, ಅವಳು ಎಳೆದಳು, ಮೀನು ಬಂಡೆ ಸುತ್ತಿತು, ಪಟ್ಟನೆ ತುಂಡಾಯಿತು. ರೈನೊ ಬಾಯಿ ತೆರೆಯುವ ಮೊದಲೇ "ಗೊತ್ತು, ಸುಮ್ನಿರು" ಎಂದಳು.

ದಪ್ಪ ತುದಿದಾರ ತಂದಳು. ಈಗ ತೊಡಕು ಗಂಟಿನದು. ಎರಡು ದಾರ ಸೇರುವ ಜಾಗ ಉಬ್ಬಿದರೆ ದಾರ ಹಾಯುವ ಕೋಲಿನ ಉಂಗುರಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಜೋಮು ಹಿಡಿದ ಕೈಯಲ್ಲಿ ಒಂದು ತುದಿ, ಹಲ್ಲಿನಲ್ಲಿ ಇನ್ನೊಂದು, ಸುತ್ತುವ ಕೆಲಸವೆಲ್ಲ ಎಡಗೈಯದು. ಕಟ್ಟಿದಳು, ಜಗ್ಗಿದಳು, ಬಿಚ್ಚಿಹೋಯಿತು. ಮತ್ತೆ ಕಟ್ಟಿದಳು. ಅಡುಗೆಮನೆಯ ನೆಲದ ತುಂಬ ದಾರದ ತುಣುಕು. ಕೊನೆಗೊಂದು ದಿನ ಉಬ್ಬಿಲ್ಲದ, ನೀಳವಾದ ಗಂಟು ಬಿದ್ದಿತು. ತುದಿಯನ್ನು ಬಾಗಿಲ ಹಿಡಿಗೆ ಕಟ್ಟಿ ಮೈಭಾರವೆಲ್ಲ ಹಾಕಿ ಜಗ್ಗಿದಳು. ಹಿಡಿಯೇ ಕಳಚಿ ಬಂತು, ಗಂಟು ಅಲುಗಲಿಲ್ಲ.

ಆಗಸ್ಟ್‌ನ ಒಂದು ಬೆಳಿಗ್ಗೆ, ಅದೇ ಮುಳುಗುಬಂಡೆಗಳ ಮೇಲೆ ದೋಣಿಯಲ್ಲಿ, ರೈನೊ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಾಗ ಲೆಂಪಿಯ ಮೊಣಕೈಗೆ ಎರಡು ಸಲ ತಟ್ಟಿತು. ಕೋಲಿನ ತುದಿ ಇನ್ನೂ ಅಲುಗಿರಲಿಲ್ಲ. ಅವಳು ಎದ್ದು ನಿಂತು ಎಳೆದಳು.

ಕೋಲು ಬಿಲ್ಲಾಯಿತು. ದಾರ ಸುತ್ತಿದ ರಾಟೆ ಕಿರ್ರೆಂದಿತು. ರೈನೊ ಚಾಕು ಎಸೆದು ಕೈ ಚಾಚಿದ.

"ಕೈ ತೆಗಿ!"

"ಲೆಂಪಿ, ಇದು ನಿನ್ನ ಕೈಲಿ—"

"ಕೋಲು ಮುಟ್ಟಿದ್ರೆ ನೀರಿಗೆ ತಳ್ತೀನಿ, ನೋಡು!"

ಮೀನು ಬಂಡೆಯ ಕಡೆಗೇ ಧುಮುಕಿತು. ದಾರ ಕಲ್ಲಿಗೆ ಉಜ್ಜುವ ಗರಗರ ಅವಳ ತೋಳಿನ ಎಲುಬಿಗೇ ಕೇಳಿಸಿತು. ಉಸಿರು ಕಟ್ಟಿ ಹಿಡಿದು ನಿಂತಳು. ತುದಿದಾರ ತಡೆಯಿತು. ಮೀನು ತಿರುಗಿತು. ಮೇಲೆ ಬಂದು ದೋಣಿ ಕಂಡು ಮತ್ತೆ ಆಳಕ್ಕೆ ಹೋಯಿತು. ಗಂಟು ಉಂಗುರಗಳಲ್ಲಿ ಟಿಕ್ ಎನ್ನುತ್ತ ಒಳಗೆ ಬಂತು, ಹೊರಗೆ ಹೋಯಿತು, ಎಲ್ಲೂ ಸಿಕ್ಕಲಿಲ್ಲ. ಸೂರ್ಯ ಕಾಡಿನ ಮೇಲೆ ಬಂದಾಗ ಬೂದುಬಣ್ಣದ ಮೈಯಲ್ಲಿ ಬಿಳಿ ಚುಕ್ಕೆ ಹೊತ್ತ ಭಾರಿ ಮೀನೊಂದು ದೋಣಿಯ ಪಕ್ಕ ಮಗ್ಗುಲಾಯಿತು.

"ಈಗ ಬಲೆ ಹಿಡಿ," ಎಂದಳು. "ಅದೊಂದು ನಿನ್ನ ಕೆಲಸ."

ರೈನೊ ಎರಡು ಕೈಯಿಂದ ಎತ್ತಿ ದೋಣಿಯೊಳಗೆ ಹಾಕಿ, ಮೀನಿನ ಪಕ್ಕದಲ್ಲೇ ಕುಸಿದು ಕೂತ. ಅಪ್ಪನ ಕಾಲದಿಂದಲೂ ಆ ಮನೆಯವರು ಅಷ್ಟು ದೊಡ್ಡದನ್ನು ಹಿಡಿದಿರಲಿಲ್ಲ. ತುದಿದಾರ ಅವನ ಬೆರಳಿಗೆ ಮರಳುಕಾಗದದಂತೆ ತರಿತರಿಯಾಗಿ ಹತ್ತಿತು.

"ತೆಳ್ಳನೆಯದಾಗಿದ್ರೆ ಹೋಗಿರ್ತಿತ್ತು," ಎಂದ ಮೆಲ್ಲಗೆ. ದಾರವನ್ನು ಇನ್ನೊಮ್ಮೆ ಸವರಿ, "ನನ್ನ ರಾಟೆಗೂ ಸುತ್ತಿಕೊಡ್ತೀಯಾ?"

"ಕೇಳೋ ರೀತಿಲಿ ಕೇಳು."

"ದಯವಿಟ್ಟು, ಲೆಂಪಿ."

ಅವಳು ಕೊಲ್ಲಿಯೆಲ್ಲ ಕೇಳುವಂತೆ ನಕ್ಕಳು. ಸಂಜೆ ಹಾಲು, ಆಲೂಗಡ್ಡೆ, ಈರುಳ್ಳಿ ಹಾಕಿ ದೊಡ್ಡ ಪಾತ್ರೆಯಲ್ಲಿ ಮೀನಿನ ಸಾರು ಮಾಡಿ ಬೀದಿಯವರನ್ನೆಲ್ಲ ಕರೆದಳು. ಎಲ್ಮಾ ಮೂರು ಬಟ್ಟಲು ಉಂಡು, ತಾನೇ ಆ ಮೀನನ್ನು ಅರ್ಧ ಹಿಡಿದವಳೆಂದು ಎಲ್ಲರಿಗೂ ಹೇಳಿದಳು. ಲೆಂಪಿ ಇಲ್ಲ ಎನ್ನಲಿಲ್ಲ.

ಮರುವಾರ ಅವಳು ದೋಣಿಯನ್ನು ಒಬ್ಬಳೇ ಬಿಟ್ಟುಕೊಂಡು ಹೋದಳು. ರೈನೊ ದಡದಲ್ಲಿ ನಿಂತು ಏನೋ ಕೂಗಿ ಹೇಳುತ್ತಿದ್ದ. ಎಂಜಿನ್ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ.