ಭೂಪಟದಲ್ಲಿಲ್ಲದ ದೇಶದ ಮಾಸ್ಟ್ರು

ಕುವೈತಿನಲ್ಲಿ ನಾನು ಮೊದಲು ಕೊಂಡ ವಸ್ತು ಒಂದು ಸ್ವೆಟರ್. ಕಾರ್ಕಳದಲ್ಲಿ ಎಲ್ಲರೂ ಅದು ಮರಳುಗಾಡು, ಕಾವಲಿಯ ಮೇಲೆ ನಿಂತ ಹಾಗೆ ಆಗುತ್ತದೆ ಎಂದು ಹೆದರಿಸಿ ಕಳಿಸಿದ್ದರು. ನಾನು ತೆಳ್ಳಗಿನ ಅಂಗಿ ಹಾಕಿಕೊಂಡು ೧೯೯೦ರ ಜನವರಿಯಲ್ಲಿ ಬಂದಿಳಿದೆ. ವಿಮಾನ ನಿಲ್ದಾಣದ ಹೊರಗೆ ಗಾಳಿ ಬೀಸಿದ ಕೂಡಲೇ ಹಲ್ಲು ಕಟಕಟ ಎಂದಿತು. ಬೇರೆ ಯಾವುದೋ ದೇಶಕ್ಕೆ ಬಂದೆನೇನೋ ಎಂದು ಗಾಬರಿಯಾಗಿ ಪಾಸ್‌ಪೋರ್ಟಿನ ಸೀಲು ನೋಡಿಕೊಂಡೆ.

ಆಮೇಲೆ ಗೊತ್ತಾಯಿತು, ಇಲ್ಲಿ ಬಹಳ ಸಂಗತಿಗಳು ಹೀಗೇ. ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ, ಯಾಕೆಂದರೆ ಟ್ಯಾಂಕ್ ತಾರಸಿಯ ಬಿಸಿಲಲ್ಲಿರುತ್ತದೆ. ಆಗ ಗೀಸರಿನ ಸ್ವಿಚ್ ಆರಿಸಿ, ಬಿಸಿನೀರಿನ ನಲ್ಲಿಯಿಂದ ತಣ್ಣೀರು ಹಿಡಿಯಬೇಕು. ನಮ್ಮಲ್ಲಿ ಬಾವಿಗೆ ಕೊಡ ಇಳಿಸಿದರಾಯಿತು. ಇಲ್ಲಿ ಸಮುದ್ರವನ್ನು ಕುದಿಸಿ ಕುಡಿಯುವ ನೀರು ಮಾಡುತ್ತಾರೆ. ಖೈತಾನ್ ಎಂಬ ಬಡಾವಣೆಯ ಒಂದೇ ಕೋಣೆಯಲ್ಲಿ ನಾವು ಐದು ಜನ. ಹಿರಿಯರೆಂದರೆ ಉಡುಪಿಯ ವಾಮನಣ್ಣ, ಹೋಟೆಲಿನಲ್ಲಿ ಅಡುಗೆ ಮಾಡುವವರು. ದಿನಾ ಹೊರಗಿನವರಿಗೆ ಬೇಯಿಸಿ ಬೇಯಿಸಿ ಬೇಸರವಾಗಿ ನಮಗೆ ಮಾತ್ರ ಖುಬ್ಬೂಸ್, ಅಂದರೆ ಇಲ್ಲಿನ ದೊಡ್ಡ ರೊಟ್ಟಿ, ಮತ್ತು ಮಾವಿನ ಉಪ್ಪಿನಕಾಯಿ ಬಡಿಸುತ್ತಿದ್ದರು.

ನಾನು ಹತ್ತೊಂಬತ್ತು ವರ್ಷದವರೆಗೆ ಬೀಡಿ ಕಟ್ಟಿದವನು. ಅಕ್ಷರ ಕಲಿತದ್ದು ಅಕ್ಕಿ ಗಿರಣಿಯ ಜಗಲಿಯಲ್ಲಿ ಒಬ್ಬರು ಮಾಸ್ಟ್ರು ದಿನಾ ಸಂಜೆ ನಡೆಸುತ್ತಿದ್ದ ತರಗತಿಯಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸುವಾಗ ಇಪ್ಪತ್ತಾರು. ಟೈಪಿಂಗ್ ಪರೀಕ್ಷೆ ಎರಡನೇ ಸಲಕ್ಕೆ ಪಾಸಾಯಿತು. ಈಗಲೂ ಕೀಲಿ ಹುಡುಕಿ ಹುಡುಕಿಯೇ ಹೊಡೆಯುವುದು. ಇಂಥವನಿಗೆ ನೀರಿನ ಸ್ಥಾವರಗಳ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತ್ತು.

ಅಲ್ಲಿ ಯಾನ್ ಎಂಬ ವಯಸ್ಸಾದ ಎಂಜಿನಿಯರ್ ಇದ್ದರು. ಸ್ವೀಡನ್ನಿನ ಪಾಸ್‌ಪೋರ್ಟ್. ಒಂದು ದಿನ ಅವರು ಕೈಬರಹದ ಇಂಗ್ಲಿಷ್ ಹಾಳೆಗಳ ಕಟ್ಟೊಂದನ್ನು ತಂದು, ಇದು ನನ್ನ ಅಜ್ಜನ ಜೀವನಚರಿತ್ರೆ, ಬಿಡುವಾದಾಗ ಟೈಪ್ ಮಾಡಿಕೊಡು ಎಂದರು. ನಾನು ನಿಧಾನ ಸರ್ ಎಂದೆ. ನಿಧಾನದವರು ಓದುತ್ತಾರೆ, ಅದಕ್ಕೇ ನಿನಗೆ ಕೊಟ್ಟದ್ದು ಎಂದರು.

ಓದಿದ್ದೇ ತೊಂದರೆಯಾಯಿತು. ಬರಹದಲ್ಲಿ ಸಾಲು ಸಾಲಿಗೂ ಎಸ್ಟೋನಿಯಾ ಎಂಬ ದೇಶ. ಮ್ಯಾನೇಜರರ ಕುರ್ಚಿಯ ಹಿಂದೆ ದೊಡ್ಡ ಭೂಪಟವಿತ್ತು. ಊಟದ ಹೊತ್ತಿನಲ್ಲಿ ಸ್ಟೂಲ್ ಹತ್ತಿ ಹುಡುಕಿದೆ. ಅಂಥ ದೇಶ ಇಲ್ಲ. ಅವರು ಬರೆದ ಪಟ್ಟಣಗಳಲ್ಲಿ ಒಂದೆರಡು ಸಿಕ್ಕವು, ಆದರೆ ರಷ್ಯಾದ ಬಣ್ಣದೊಳಗೆ. ಪಾಪ, ವಯಸ್ಸಾಯಿತು, ಹೆಸರು ಮರೆತಿರಬೇಕು, ನಾಲ್ಕು ಜನರ ಮುಂದೆ ನಗೆಪಾಟಲಾಗುವುದು ಬೇಡ ಎಂದುಕೊಂಡು ಎಸ್ಟೋನಿಯಾ ಇದ್ದಲ್ಲೆಲ್ಲ ರಷ್ಯಾ ಎಂದು ಟೈಪ್ ಮಾಡಿದೆ. ಹದಿನಾಲ್ಕು ಹಾಳೆ. ನನ್ನ ಲೆಕ್ಕದಲ್ಲಿ ಅದು ಉಪಕಾರ.

ಯಾನ್ ಸಾಹೇಬರು ನಿಂತುಕೊಂಡೇ ಓದಲು ಶುರು ಮಾಡಿದರು. ಎರಡನೇ ಹಾಳೆಗೆ ಕುಳಿತುಬಿಟ್ಟರು.

"ಇದನ್ನು ಯಾರು ಬದಲಾಯಿಸಿದ್ದು?"

"ನಾನೇ ಸರ್. ಮ್ಯಾಪಿನಲ್ಲಿ ನಿಮ್ಮ ದೇಶ ಇಲ್ಲ."

"ಇಲ್ಲ ಅಂತ ನನಗೂ ಗೊತ್ತು. ನನ್ನ ತಾಯಿ ಸಾಯುವವರೆಗೂ ಮ್ಯಾಪುಗಳ ಜೊತೆ ಜಗಳ ಆಡುತ್ತಿದ್ದಳು."

ಬೈಯಲಿಲ್ಲ. ಎದುರಿನ ಕುರ್ಚಿಗೆ ಕರೆದು ಕೂರಿಸಿ ಹೇಳಿದರು. ಅದು ಸಣ್ಣ ದೇಶ, ರಷ್ಯಾ ನುಂಗಿದೆ. ಯುದ್ಧದ ಕಾಲದಲ್ಲಿ, ಅವರಿಗೆ ಹದಿನಾಲ್ಕು ವರ್ಷವಿದ್ದಾಗ, ತಾಯಿಯ ಜೊತೆ ದೋಣಿಯಲ್ಲಿ ಸ್ವೀಡನ್ನಿಗೆ ಓಡಿಬಂದದ್ದು. ಅಜ್ಜ ಅದಕ್ಕೂ ಎಷ್ಟೋ ಹಿಂದಿನವರು. ಜಮೀನೆಲ್ಲ ಜರ್ಮನ್ ಧಣಿಗಳದ್ದು, ಸರ್ಕಾರ ರಷ್ಯಾದ ಚಕ್ರವರ್ತಿಯದ್ದು, ಗೇಯುವವರು ಮಾತ್ರ ಇವರು. ಇವರ ಭಾಷೆ ದನ ಕಾಯಲು ಸಾಕು, ಓದಲು ಬೇಡ ಎಂಬ ಕಾಲ. ಅಜ್ಜ ಹಳ್ಳಿ ಹಳ್ಳಿ ತಿರುಗಿ, ಸಭೆ ಸೇರಿಸಿ, ರೈತರಿಂದ ಮರ ಎತ್ತಿಸಿ, ಸ್ವಂತ ಭಾಷೆಯ ಶಾಲೆ ಕಟ್ಟಿಸಿದರು. ಬಾಗಿಲು ತೆರೆದ ಕೆಲವೇ ವರ್ಷಕ್ಕೆ ಆದೇಶ ಬಂತು, ಪಾಠ ರಷ್ಯನ್ನಿನಲ್ಲೇ ಆಗಬೇಕು. ಜೊತೆಗಾರರು ಸಿಟ್ಟಿನಿಂದ ಬಿಟ್ಟುಹೋದರು. ಅಜ್ಜ ಬಿಡಲಿಲ್ಲ. ಒಳಗೆ ರಷ್ಯನ್ನಿನಲ್ಲಿ ಪಾಠ ಮಾಡಿದರು, ಹೊರಗೆ ಮಕ್ಕಳು ಸೌದೆ ಒಡೆಯುವಾಗ ತಮ್ಮ ಭಾಷೆಯಲ್ಲಿ ಲೆಕ್ಕ, ಕತೆ, ಹಾಡು ಕಲಿಸಿದರು. ಹಳೆಯ ಸ್ನೇಹಿತರು ರಸ್ತೆಯಲ್ಲಿ ಸಿಕ್ಕರೂ ಮಾತಾಡಿಸುತ್ತಿರಲಿಲ್ಲ.

"ಅವರು ಮಾಡಿದ್ದು ಸರಿಯಾ ಸರ್?"

"ನನಗೆ ಅರವತ್ತಾಯಿತು. ಇನ್ನೂ ಗೊತ್ತಾಗಿಲ್ಲ."

ಈಗ ಅಲ್ಲಿ ಗಾಳಿ ಬದಲಾಗಿತ್ತು. ಆ ಶಾಲೆಗೆ ಸೆಪ್ಟೆಂಬರಿನಲ್ಲಿ ಅಜ್ಜನ ಹೆಸರನ್ನು ಮತ್ತೆ ಇಡುವವರಿದ್ದರು. ಅವರ ಬಗ್ಗೆ ಬರೆದ ಒಂದು ಕಾಗದವೂ ಊರಿನಲ್ಲಿ ಉಳಿದಿರಲಿಲ್ಲ. ಯಾನ್ ಸಾಹೇಬರು ತಾಯಿಯಿಂದ ಕೇಳಿದ್ದನ್ನೆಲ್ಲ ಬರೆದಿದ್ದರು. ಚಿಕ್ಕಂದಿನಲ್ಲೇ ಬಿಟ್ಟು ಬಂದದ್ದರಿಂದ ಸ್ವಂತ ಭಾಷೆಯಲ್ಲಿ ಅಷ್ಟು ಉದ್ದ ಬರೆಯಲು ಧೈರ್ಯ ಸಾಲದೆ ಇಂಗ್ಲಿಷಿನಲ್ಲಿ ಬರೆದಿದ್ದರು. ನಾನು ನಾಚಿಕೆಯಿಂದ ಹದಿನಾಲ್ಕೂ ಹಾಳೆ ಮತ್ತೆ ಟೈಪ್ ಮಾಡಿದೆ. ತಪ್ಪಿನ ಹಾಳೆಗಳನ್ನು ಬಿಸಾಡಲು ಮನಸ್ಸಾಗಲಿಲ್ಲ, ಹಿಂಬದಿ ಖಾಲಿ ಇತ್ತಲ್ಲ, ಕೋಣೆಗೆ ತಂದು ಪೆಟ್ಟಿಗೆಯಲ್ಲಿಟ್ಟೆ.

ಸರಿಯಾದ ಪ್ರತಿಯನ್ನು ಅಂಚೆಗೆ ಹಾಕುವ ಮೊದಲೇ ಆಗಸ್ಟ್ ಬಂತು, ಇರಾಕಿನ ಟ್ಯಾಂಕುಗಳೂ ಬಂದವು. ಅಂಚೆ ನಿಂತಿತು, ಆಫೀಸು ಮುಚ್ಚಿತು. ಕುವೈತ್ ಎಂಬ ದೇಶವೇ ಇಲ್ಲ, ಇದು ನಮ್ಮ ಒಂದು ಜಿಲ್ಲೆ ಎಂದು ಇರಾಕಿನವರು ರೇಡಿಯೋದಲ್ಲಿ ಹೇಳಿದರು. ಸೈನಿಕರಿಗೆ ಅವರು ಹುಡುಕುವ ಮನೆಗಳು ಸಿಗಬಾರದೆಂದು ಇಲ್ಲಿನ ಜನರೇ ಬೀದಿಗಳ ಬೋರ್ಡು ಕಿತ್ತುಹಾಕಿದರು. ಸೈನಿಕರು ದಾರಿ ತಪ್ಪಿದರೋ ಇಲ್ಲವೋ, ನಾನಂತೂ ಬೇಕರಿಗೆ ಹೋಗಿ ಎರಡು ಸಲ ತಪ್ಪಿದೆ. ನಾನಿರುವುದು ಯಾವ ದೇಶ, ಯಾರಿಗೆ ನಮಸ್ಕರಿಸಬೇಕು, ಯಾರನ್ನು ಕಂಡರೆ ಅಡಗಬೇಕು, ಒಂದೂ ತಿಳಿಯುತ್ತಿರಲಿಲ್ಲ.

ಯುರೋಪಿನವರನ್ನು ಹಿಡಿದು ಒಯ್ಯುತ್ತಿದ್ದರು. ಯಾನ್ ಸಾಹೇಬರು ಸಾಲ್ಮಿಯಾದ ಫ್ಲಾಟಿನಲ್ಲಿ ಪರದೆ ಎಳೆದುಕೊಂಡು ಕೂತಿದ್ದರು. ನಮ್ಮವರಿಗೆ ಬಸ್ಸಿನಲ್ಲಿ ಬಾಗ್ದಾದ್ ಮೂಲಕ ಅಮ್ಮಾನಿಗೆ, ಅಲ್ಲಿಂದ ವಿಮಾನದಲ್ಲಿ ಊರಿಗೆ ಹೋಗಲು ಅವಕಾಶ ಸಿಕ್ಕಿತು. ಹೊರಡುವ ಹಿಂದಿನ ದಿನ ಮಧ್ಯಾಹ್ನ ಖುಬ್ಬೂಸ್ ಒಯ್ದುಕೊಟ್ಟು, ಹಾಳೆಗಳನ್ನು ಕೊಡಿ ಸರ್, ಊರಿನಿಂದ ಅಂಚೆಗೆ ಹಾಕುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ಪರರ ಆಳ್ವಿಕೆ, ಸಣ್ಣ ದೇಶ, ಗುಟ್ಟಿನ ಸಭೆ ಎಂದೆಲ್ಲ ಇರುವ ಕಾಗದ ತಪಾಸಣೆಯಲ್ಲಿ ಸಿಕ್ಕರೆ ಕುವೈತಿನ ಬಗ್ಗೆಯೇ ಬರೆದದ್ದು ಎಂದುಕೊಳ್ಳುತ್ತಾರೆ, ಇಡೀ ಬಸ್ಸನ್ನೇ ಇಳಿಸುತ್ತಾರೆ ಎಂದರು.

"ಸಂಜೀವ, ನಿನ್ನ ಆ ತಪ್ಪಿನ ಹಾಳೆಗಳು ಉಂಟಾ?"

"ಉಂಟು ಸರ್."

"ಅದನ್ನು ತೆಗೆದುಕೊಂಡು ಹೋಗು. ರಷ್ಯಾದವರು ರಷ್ಯಾದಲ್ಲಿ ಶಾಲೆ ಕಟ್ಟಿದರೆ ಯಾರಿಗೂ ಸಿಟ್ಟು ಬರುವುದಿಲ್ಲ."

ಹಾಗೆ ಹೇಳಿ ಸರಿಯಾದ ಪ್ರತಿಯನ್ನೂ ಕೈಬರಹವನ್ನೂ ಅಡುಗೆಮನೆಯ ಸಿಂಕಿನಲ್ಲಿ ತಾವೇ ಸುಟ್ಟರು. ನಾನು ನಲ್ಲಿ ತಿರುಗಿಸಿ ಬೂದಿ ತೊಳೆದೆ. ಈಗ ಜಗತ್ತಿನಲ್ಲಿ ಆ ಅಜ್ಜ ಮಾಸ್ಟ್ರ ಜೀವನ ಉಳಿದದ್ದು ನಾನು ಕೆಡಿಸಿದ ಹದಿನಾಲ್ಕು ಹಾಳೆಗಳಲ್ಲಿ ಮಾತ್ರ.

ವಾಮನಣ್ಣನಿಗೆ ಪೆಟ್ಟಿಗೆ ಕಟ್ಟುವಾಗ ಗೊತ್ತಾಯಿತು.

"ಜೀವ ಉಳಿದ್ರೆ ಸಾಕು ಅಂತ ಇರುವಾಗ ಬೇರೆಯವರ ಅಜ್ಜನನ್ನು ಎಂತಕ್ಕೆ ಹೊತ್ಕೊಂಡು ಬರುದು ಮಾರಾಯ? ನಿನ್ನ ಅಜ್ಜನ ಹೆಸರಾದ್ರೂ ಗೊತ್ತುಂಟಾ ನಿನಗೆ?"

ಗೊತ್ತಿರಲಿಲ್ಲ. ಆದರೆ ಅಕ್ಕಿ ಗಿರಣಿಯ ಜಗಲಿ ನೆನಪಾಯಿತು. ಅಲ್ಲಿ ನನಗೆ ಅಕ್ಷರ ಕಲಿಸಿದ ಮಾಸ್ಟ್ರ ಬಗ್ಗೆಯೂ ಯಾರೂ ಒಂದು ಸಾಲು ಬರೆದಿಲ್ಲ. ನಾನೊಬ್ಬನೇ ಸಿಕ್ಕಿಬೀಳುವುದಾದರೆ ಬೇರೆ ಮಾತು, ನನ್ನಿಂದ ಬಸ್ಸಿನವರಿಗೆಲ್ಲ ತೊಂದರೆಯಾದರೆ ಎಂಬುದೇ ನನ್ನ ಹೆದರಿಕೆ. ಅದನ್ನು ಹೇಳಿದಾಗ ವಾಮನಣ್ಣ ಸ್ವಲ್ಪ ಹೊತ್ತು ಗೊಣಗಿ, ಹಾಳೆಗಳನ್ನು ಕಸಿದುಕೊಂಡು, ಎಣ್ಣೆ ತಾಗದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಉಪ್ಪಿನಕಾಯಿ ಬಾಟಲಿಯ ಪಕ್ಕ ತುರುಕಿದರು.

ಬಸ್ರಾದ ಆಚೆ ತಪಾಸಣೆಯಲ್ಲಿ ಒಬ್ಬ ಅಧಿಕಾರಿ ಕಟ್ಟು ಬಿಚ್ಚಿಸಿದ. ಅವನಿಗೆ ಇಂಗ್ಲಿಷ್ ಬರುತ್ತಿತ್ತು. ಮೂರು ಹಾಳೆ ಓದಿದ. ಇದು ಯಾರು ಎಂದು ಕೇಳಿದ. ನನಗೆ ಬರುತ್ತಿದ್ದ ಎರಡು ಅರಬ್ಬಿ ಶಬ್ದ ಜೋಡಿಸಿ, "ಮುದರ್ರಿಸ್ ರೂಸಿ," ರಷ್ಯಾದ ಮಾಸ್ಟ್ರು, ಎಂದೆ. ತನ್ನ ತಂದೆಯೂ ಮುದರ್ರಿಸ್ ಎಂದು ಹೇಳಿ ಅವನು ಹಾಳೆಗಳನ್ನು ಜೋಡಿಸಿ ಮರಳಿಸಿದ. ವಾಮನಣ್ಣ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಸತ್ತವರೊಬ್ಬರ ಎದುರು ನಿಂತು ಸುಳ್ಳು ಸಾಕ್ಷಿ ಹೇಳಿದ ಹಾಗಾಗಿತ್ತು.

ಕಾರ್ಕಳ ಮುಟ್ಟಿ ಹಾಳೆಗಳನ್ನು, ಯಾನ್ ಸಾಹೇಬರು ಕೊಟ್ಟಿದ್ದ ಆ ಶಾಲೆಯ ವಿಳಾಸಕ್ಕೆ ಅಂಚೆಗೆ ಹಾಕಿದೆ. ಆದ ಎಡವಟ್ಟನ್ನು ವಿವರಿಸಿ ಒಂದು ಪತ್ರವನ್ನೂ ಇಟ್ಟೆ. ಉತ್ತರ ಬರಲಿಲ್ಲ. ಊರಿನಲ್ಲಿ ಎಲ್ಲರೂ ಯುದ್ಧದ ಕತೆ ಕೇಳಿದರು, ಎರಡು ವಾರದ ನಂತರ ಯಾವಾಗ ವಾಪಸ್ಸು ಎಂದು ಕೇಳತೊಡಗಿದರು. ಕುವೈತಿನಲ್ಲಿ ಊರಿನದ್ದೇ ಯೋಚನೆ, ಊರಿನಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿ ಕೈ ಹಿಂದೆಳೆದುಕೊಳ್ಳುವ ಅಭ್ಯಾಸ.

ಯುದ್ಧ ಮುಗಿದು, ೧೯೯೧ರ ಮಳೆಗಾಲದಲ್ಲಿ ಕಂಪನಿ ಮತ್ತೆ ಕರೆಸಿತು. ಇರಾಕಿನವರು ಬೆಂಕಿ ಹಚ್ಚಿ ಹೋಗಿದ್ದ ಎಣ್ಣೆಬಾವಿಗಳ ಹೊಗೆಯಿಂದ ಹಗಲಲ್ಲೇ ಕಾರುಗಳು ದೀಪ ಹಚ್ಚಿಕೊಂಡು ಓಡುತ್ತಿದ್ದವು, ಒಣಗಲು ಹಾಕಿದ ಬನಿಯನ್ ಮಸಿಯಾಗುತ್ತಿತ್ತು. ಅಕ್ಟೋಬರಿನಲ್ಲಿ, ಊರಿಗೆ ಬಂದಿದ್ದ ಪತ್ರವೊಂದನ್ನು ಹೆಂಡತಿ ಇಲ್ಲಿಗೆ ಕಳಿಸಿದಳು. ಆ ಶಾಲೆಯ ಶಿಕ್ಷಕಿ ಬರೆದದ್ದು. ಹಾಳೆಗಳು ಸಮಾರಂಭ ಮುಗಿದ ಮೇಲೆ, ಹಿಮ ಬೀಳುವ ಹೊತ್ತಿಗೆ ಮುಟ್ಟಿದವಂತೆ. ಹದಿನಾಲ್ಕು ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟು, ದೇಶದ ಹೆಸರನ್ನು ಅವರ ಕೈಯಿಂದಲೇ ತಿದ್ದಿಸಿದರಂತೆ. ಯಾನ್ ಸಾಹೇಬರು ಬಾಗ್ದಾದಿನಲ್ಲಿ ಸೆರೆಯಿದ್ದು ಬಿಡುಗಡೆಯಾಗಿ, ಈ ಬೇಸಿಗೆಯಲ್ಲಿ ಬಂದು, ಆ ತಿದ್ದಿದ ಹಾಳೆಗಳನ್ನು ಎದುರಿನ ಬೆಂಚಿನಲ್ಲಿ ಕೂತು ಓದಿದರಂತೆ. ಈಗ ನಮ್ಮ ದೇಶ ನಮಗೆ ಸಿಕ್ಕಿದೆ, ಅದನ್ನು ಪುಸ್ತಕ ಮಾಡುತ್ತೇವೆ, ಹಾಳೆ ಉಳಿಸಿದವರ ಹೆಸರು ಮತ್ತು ದೇಶ ಬರೆದು ಕಳಿಸಿ ಎಂದಿದ್ದರು.

ಹೆಸರು ಕೂಡಲೇ ಟೈಪಾಯಿತು. ದೇಶದ ಹತ್ತಿರ ಬೆರಳು ನಿಂತಿತು. ನನ್ನ ಹಾಗೇ ಮರಳಿ ಬಂದಿದ್ದ ವಾಮನಣ್ಣನನ್ನು ಕೇಳಿದೆ.

"ಇಂಡಿಯಾ ಅಂತ ಹಾಕು. ಅದರಲ್ಲಿ ಎಂತ ಯೋಚನೆ ಮಾಡ್ಲಿಕ್ಕೆ ಉಂಟು?"

ಹಾಗೇ ಹಾಕಿದೆ. ಮರುದಿನ ಅಂಚೆ ಕಚೇರಿಯಲ್ಲಿ ಈಜಿಪ್ಟಿನ ಗುಮಾಸ್ತ ಲಕೋಟೆ ತೂಗುತ್ತಾ, ಎಲ್ಲಿಯವನು ನೀನು ಎಂದು ಕೇಳಿದ. "ಇಲ್ಲಿಯವನು" ಎಂದು ಬಾಯಿಂದ ಬಂದುಬಿಟ್ಟಿತು. ಅವನು ಲಕೋಟೆ ತಿರುಗಿಸಿ, ಹಿಂಬದಿಯಲ್ಲಿದ್ದ ಕಾರ್ಕಳದ ವಿಳಾಸದ ಮೇಲೆ ಬೆರಳಿಟ್ಟು, ಹಾಗಾದರೆ ಇದು ಯಾರದ್ದು ಎಂದ.

"ಅದೂ ನನ್ನದೇ."

ಅವನು ನನ್ನ ಮುಖ ನೋಡಿದ, ಸೀಲು ಹೊಡೆದ.